ಎರಡನೆಯ ದೀಪ ದೊಡ್ಡದಾಗಿದೆ

ನಮ್ಮ ಮನೆಯಲ್ಲಿ ಇದುವರೆಗೆ ಒಂದು ದೀಪವೂ ಆರಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ, ತಪ್ಪೊಪ್ಪಿಕೊಳ್ಳಲು ಹೇಳುತ್ತಿದ್ದೇನೆ.

ಗಾಳಿ ಬೀಸಿ, ಎಣ್ಣೆ ಮುಗಿದು, ಬತ್ತಿ ಕರಕಾಗಿ, ಕರೆಂಟು ಹೋಗಿ, ಎಲ್ಲರ ಮನೆಯಲ್ಲೂ ಆಗುವಂತೆ ನಮ್ಮ ಮನೆಯಲ್ಲೂ ಕತ್ತಲೆ ಆದದ್ದುಂಟು. ಆದರೆ ‘ದೀಪ ಆರಿತು’ ಎಂಬ ಮಾತು ನಮ್ಮಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. ಅದು ಅಮಂಗಳ. ದೀಪ ‘ದೊಡ್ಡದಾಗುತ್ತದೆ’. ಮಲಗುವ ಮುಂಚೆ ನಮ್ಮ ತಾಯಿ, “ಮಾದೇವ, ದೀಪ ದೊಡ್ಡದು ಮಾಡಪ್ಪ” ಎಂದರೆ ನಾನು ಎದ್ದು ಹೋಗಿ ಊದಿ ಬರುತ್ತಿದ್ದೆ. ಊದುವುದಕ್ಕೂ ದೊಡ್ಡದು ಮಾಡುವುದಕ್ಕೂ ಏನು ಸಂಬಂಧ ಎಂದು ಎಂದೂ ಕೇಳಲಿಲ್ಲ. ಲಾಂದ್ರ ಹೋಗಿ ಬಲ್ಬು ಬಂತು, ಬಲ್ಬು ಹೋಗಿ ಟ್ಯೂಬ್‌ಲೈಟು ಬಂತು, ನಮ್ಮ ಮನೆಯಲ್ಲಿ ಎಲ್ಲವೂ ದೊಡ್ಡದಾಗುತ್ತಲೇ ಇದ್ದವು.

ದೀಪ ಒಂದೇ ಅಲ್ಲ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಅಕ್ಕಿ ಡಬ್ಬದಲ್ಲಿ ತಳ ಕಂಡರೆ ಅಕ್ಕಿ ತುಂಬಿತು ಎನ್ನಬೇಕು. ಬಾಗಿಲನ್ನು ಮುಚ್ಚುವ ಹಾಗಿಲ್ಲ, ಮುಂದಕ್ಕೆ ಮಾಡಬೇಕು. ಮನೆ ಬಿಟ್ಟು ಹೊರಟವರು ‘ಬರುತ್ತೇನೆ’ ಎನ್ನುತ್ತಾರೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಮಾರ್ತಾ ಎಂಬ ವಿದೇಶದ ಹೆಂಗಸು ಕಷ್ಟಪಟ್ಟು ಒಂದಷ್ಟು ಕನ್ನಡ ಕಲಿತಿದ್ದಳು. ಒಂದು ದಿನ ಗೇಟಿನ ಬಳಿ ಚೀಲ ಹಿಡಿದು ನಿಂತಿದ್ದವಳನ್ನು ಏಕಮ್ಮ ಎಂದು ಕೇಳಿದರೆ, “ಸೊಪ್ಪಿನಮ್ಮ ‘ಬರ್ತೀನಿ’ ಅಂದ್ರು. ಹೋದ್ರು. ಬರ್ಲಿಲ್ಲ” ಎಂದಳು. ಆಗ ನಾನೂ ನನ್ನ ಹೆಂಡತಿ ಗೌರಮ್ಮನೂ ಹೊಟ್ಟೆ ಹಿಡಿದು ನಕ್ಕೆವು. ನಗುವುದಕ್ಕೆ ಮೊದಲು ಸ್ವಲ್ಪ ಯೋಚಿಸಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ನಮ್ಮ ಕಡೆಯ ಒಂದು ಮಠದ ವಿದ್ಯಾರ್ಥಿನಿಲಯದಲ್ಲಿ ಉಗ್ರಾಣದ ಗುಮಾಸ್ತನಾಗಿ ಇಡೀ ಆಯುಸ್ಸು ಕಳೆದೆ. ಬೇಳೆ ಕಾಳು ನೋಡಿಕೊಳ್ಳುವುದು ನನ್ನ ಕೆಲಸ. ಆದರೆ ನನ್ನ ಹೆಸರು ಇದ್ದದ್ದು ಅರ್ಜಿ ಬರೆಯುವುದರಲ್ಲಿ. ನನ್ನ ಅಕ್ಷರ ದುಂಡಗಿತ್ತು. ‘ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂದು ಶುರು ಮಾಡಿದರೆ ಎಂಥ ಅಧಿಕಾರಿಯೂ ಕುರ್ಚಿಯಲ್ಲಿ ನೆಟ್ಟಗೆ ಕೂರಬೇಕು, ಹಾಗಿರುತ್ತಿತ್ತು. ಬೀದಿದೀಪಕ್ಕೆ, ಚರಂಡಿಗೆ, ಯಾರದೋ ಮನೆಯ ಹುಂಜ ಬೆಳಗಿನ ಜಾವಕ್ಕೂ ಮೊದಲೇ ಕೂಗುತ್ತದೆ ಎಂಬುದಕ್ಕೆ, ಎಲ್ಲಕ್ಕೂ ನಾನು ಅರ್ಜಿ ಬರೆದಿದ್ದೇನೆ. ಹುಂಜದ ವಿಷಯದಲ್ಲಿ ಮಾತ್ರ ಪರಿಹಾರ ಸಿಗಲಿಲ್ಲ. “ನಿಮ್ಮ ಅಕ್ಷರ ಚೆನ್ನಾಗಿರೋದೇ ಕಷ್ಟ ಕಣ್ರೀ. ಕೆಟ್ಟದಾಗಿದ್ದಿದ್ರೆ ಎಷ್ಟೋ ಜನ ಬದುಕ್ಕೋತಿದ್ರು” ಎಂದು ಗೌರಮ್ಮ ಆಗಾಗ ಹೇಳುತ್ತಿದ್ದಳು. ತಮಾಷೆಗೆ ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ.

ನಿವೃತ್ತನಾದ ಮೇಲೆ ಮೈಸೂರಿನ ಗೋಕುಲಂ ಬಡಾವಣೆಯ ನಮ್ಮ ಮನೆಯ ಮೇಲೆ ಒಂದು ಕೋಣೆ ಕಟ್ಟಿಸಿದೆ. ಆಗ ಆ ಬಡಾವಣೆಯಲ್ಲಿ ಎಲ್ಲರೂ ಕಟ್ಟಿಸುತ್ತಿದ್ದರು. ಯೋಗ ಕಲಿಯಲು ಬರುವ ವಿದೇಶದವರು ಆರಾರು ತಿಂಗಳು ಇದ್ದು, ಬೆಳಗಿನ ಜಾವ ಎದ್ದು, ಚಾಪೆ ಸುತ್ತಿಕೊಂಡು ಹೋಗಿ, ನಾವು ಕಾಫಿ ಕುಡಿಯುವ ಹೊತ್ತಿಗೆ ಬೆವರಿ ವಾಪಸು ಬರುತ್ತಿದ್ದರು. ಮಾರ್ತಾ ಹಾಗೆ ಬಂದವಳು. ಒಳ್ಳೆಯ ಹೆಂಗಸು. ಅವಳಿಗೆ ಬೇಕಾಗಿದ್ದು ಎರಡೇ: ಖಾರವಿಲ್ಲದ ಸಾರು ಮತ್ತು ಇಂಟರ್‌ನೆಟ್ಟು. ಮಧ್ಯಾಹ್ನ ಎರಡು ಗಂಟೆಗೆ ಅವಳ ಊರಲ್ಲಿ ಬೆಳಗು. ಆ ಹೊತ್ತಿಗೆ ಅವಳ ತಾಯಿ ಕಂಪ್ಯೂಟರಿನ ಮುಂದೆ ಬಂದು ಕೂರುತ್ತಿದ್ದರಂತೆ. ಮಗಳಿಂದ ನಾಲ್ಕು ಸಾಲು ಬಂದರೆ ಎದ್ದು ತಿಂಡಿ ತಿನ್ನುವುದು, ಬರದಿದ್ದರೆ ತಿನ್ನದೆ ಕೂರುವುದು. ತಾಯಂದಿರ ವಿಷಯದಲ್ಲಿ ಎಲ್ಲ ದೇಶಗಳೂ ಒಂದೇ ಬೀದಿ.

ಇದು ಹೊಸ ಶತಮಾನ ಬಂದು ನಾಲ್ಕೈದು ವರ್ಷವಾಗಿದ್ದಾಗಿನ ಮಾತು. ಟೀವಿಗೆ ಬರುತ್ತಿದ್ದ ಕೇಬಲ್ಲಿನಲ್ಲೇ ಇಂಟರ್‌ನೆಟ್ಟನ್ನೂ ಕೊಡಲು ನಮ್ಮ ಬೀದಿಯ ಕೇಬಲ್ ಆಫೀಸಿನವರು ಆಗತಾನೇ ಶುರು ಮಾಡಿದ್ದರು. ಮೋಡೆಮ್ ಎಂಬ ಕರಿಯ ಪೆಟ್ಟಿಗೆ ಮನೆಗೆ ಬಂತು. ಅದರ ಮುಖದ ಮೇಲೆ ಮೂರು ಹಸಿರು ದೀಪ. ಗೌರಮ್ಮನಿಗೆ ಅದನ್ನು ನೋಡಿ ಬಹಳ ಸಂತೋಷವಾಯಿತು. “ಹಗಲೂ ರಾತ್ರಿ ಉರಿಯುತ್ತಲ್ಲ, ನಂದಾದೀಪ ಇದ್ದಂಗೇ” ಎಂದು ನಡುಮನೆಯಲ್ಲಿ, ಲಿಂಗಪೂಜೆಯ ಗೂಡಿನ ಪಕ್ಕದ ಹಲಗೆಯ ಮೇಲೆ ಇಟ್ಟಳು. ಅಲ್ಲಿಂದ ಒಂದು ವೈರು ಮಹಡಿಗೆ ಹೋಯಿತು. ನಮ್ಮ ಮನೆಯಲ್ಲಿ ಬಟ್ಟೆಯಿಲ್ಲದೆ ಯಾವ ಯಂತ್ರವೂ ಇರಬಾರದು. ಟೀವಿಗೆ ಪರದೆ, ಮಿಕ್ಸಿಗೆ ಕುಲಾವಿ, ಫೋನಿಗೆ ಜರಿ ಅಂಚಿನ ಚೌಕ. ಮೂರೇ ದಿನದಲ್ಲಿ ಮೋಡೆಮ್ಮಿಗೂ ಉಲ್ಲನ್ನಿನ ಅಂಗಿ ತಯಾರಾಯಿತು, ದೀಪ ಕಾಣಲು ಮುಂದೆ ಮೂರು ಕಾಜ. ಏಪ್ರಿಲ್ ತಿಂಗಳು, ಮಧ್ಯಾಹ್ನವಾದರೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಂದು ಆ ಹಲಗೆಯ ಮೇಲೆಯೇ ಬೀಳುತ್ತದೆ, ಉಲ್ಲನ್ ಅಂಗಿ ತೊಟ್ಟ ಯಂತ್ರಕ್ಕೆ ಏನಾಗುತ್ತದೆ ಎಂದು ನಾವು ಯೋಚಿಸಲಿಲ್ಲ. ಓದುತ್ತಿರುವ ನಿಮಗೆ ಆಗಲೇ ಗೊತ್ತಾಗಿದೆ. ನಮಗೆ ಗೊತ್ತಾಗಲು ಒಬ್ಬ ಮನುಷ್ಯನ ಕೆಲಸ ಹೋಗಬೇಕಾಯಿತು.

ಅವರ ಹೆಸರು ಇನ್ನಾಸಪ್ಪ. ಈಗ ‘ಅವರು’ ಎನ್ನುತ್ತಿದ್ದೇನೆ, ಆಗ ‘ಏನಯ್ಯ’ ಎನ್ನುತ್ತಿದ್ದೆ. ನಲವತ್ತೈದರ ವಯಸ್ಸು, ಒಣಕಲು ಮೈ, ಹೆಗಲಿಗೆ ಕರಿಯ ಕೇಬಲ್ಲಿನ ಸುರುಳಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ. ನಮ್ಮ ಬೀದಿಯಿಂದ ಹಿಡಿದು ನೀರಿನ ಟ್ಯಾಂಕಿನವರೆಗೆ ಎಲ್ಲ ಮನೆಗಳ ತಾರಸಿಯೂ ಅವರಿಗೆ ಗೊತ್ತು. ಯಾರ ಮನೆಯಲ್ಲಿ ಹಪ್ಪಳ ಎಲ್ಲಿ ಒಣಗಿಸಿರುತ್ತಾರೆ ಎಂದು ನೋಡಿಕೊಂಡು ದಾಟಿ ಹೋಗುತ್ತಿದ್ದರು. ಹಪ್ಪಳದ ಮೇಲೆ ಅವರ ಕಾಲು ಬಿತ್ತು ಎಂದು ಒಬ್ಬರೂ ದೂರಿದ್ದಿಲ್ಲ. ಕೇಬಲ್ಲಿನ ಶಕ್ತಿ ಅಳೆಯುವ ಮೀಟರು ಇಡೀ ಆಫೀಸಿಗೆ ಒಂದೇ ಇತ್ತು, ಅದು ಇವರ ಕೈಗೆ ಸಿಗುತ್ತಿರಲಿಲ್ಲ. ಇವರು ಕಣ್ಣು ಕಿವಿಗಳನ್ನು ನಂಬಿಯೇ ಕೆಲಸ ಮಾಡಬೇಕಿತ್ತು. ಮೂಲೆ ಮನೆಯ ಟ್ಯಾಂಕಿನ ಮೇಲೆ ಬೀದಿಗೆಲ್ಲ ಸಿಗ್ನಲ್ ತಳ್ಳುವ ಆಂಪ್ಲಿಫೈಯರ್ ಎಂಬ ಪೆಟ್ಟಿಗೆ ಇತ್ತು. ಬಿಸಿಲಿಗೆ ಅದು ಕಾಯಬಾರದೆಂದು ಒಂದು ಒಡಕು ಮಡಕೆಯನ್ನು ತಂದು ಕವುಚಿಟ್ಟಿದ್ದರು.

ಮೋಡೆಮ್ ಹಾಕಿದ ದಿನ ಅವರು ನಮ್ಮ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಸೊನ್ನೆ ಬರೆದು ನನಗೆ ಪಾಠ ಹೇಳಿದರು. “ನೋಡಿ ಸಾರ್, ಮೊದಲನೇದು ಕರೆಂಟು. ಎರಡನೇದು ಕೇಬಲ್ಲು. ಮೂರನೇದು ಕಂಪ್ಯೂಟರು. ಕೆಟ್ಟರೆ ನಂಗೆ ಫೋನ್ ಮಾಡಿ, ಎರಡನೇ ದೀಪ ಎಂಗಿದೆ ಅಂತ ಹೇಳಿ. ಅಷ್ಟು ಸಾಕು. ಎಲ್ಲಿ ಹತ್ತಬೇಕು ಅಂತ ನಂಗೆ ಗೊತ್ತಾಗೋಯ್ತದೆ.”

ಇದನ್ನು ಜಗಲಿಯ ಮೇಲೆ ಏಕೆ ಹೇಳಿದರು, ಮೋಡೆಮ್ಮಿನ ಮುಂದೆ ನಿಂತು ಏಕೆ ತೋರಿಸಲಿಲ್ಲ ಎಂದು ನೀವು ಕೇಳಬಹುದು. ನಾನು ಅವರನ್ನು ಒಳಗೆ ಕರೆಯಲಿಲ್ಲ. ವೈರನ್ನು ಅವರು ಕಿಟಕಿಯಿಂದ ಕೊಟ್ಟರು, ನಾನು ಒಳಗಿನಿಂದ ಎಳೆದುಕೊಂಡೆ. ಅವರು ಕಿಟಕಿಯ ಸರಳು ಹಿಡಿದು “ಬಲಕ್ಕೆ ತಿರುಗಿಸಿ ಸಾರ್, ಇನ್ನೊಂಚೂರು” ಎಂದರು, ನಾನು ತಿರುಗಿಸಿದೆ. ಲಿಂಗಪೂಜೆಯ ಗೂಡಿನ ಬಳಿ ಹೊರಗಿನವರು, ಅದೂ ಬೇರೆ ಧರ್ಮದವರು, ಏಕೆ ಎಂದು ನನ್ನ ಮನಸ್ಸಿನಲ್ಲಿ ಇತ್ತು. ಬಾಯಲ್ಲಿ, “ಎಲ್ಲ ಸಾರಿಸಿ ಒದ್ದೆಯಾಗಿದೆ ಕಣಯ್ಯ” ಎಂದೆ. ಅಮಂಗಳವನ್ನು ಮುಚ್ಚುವ ಮಾತುಗಳನ್ನು ಕಲಿತ ನಾಲಿಗೆಗೆ ಇಂಥದ್ದೂ ಸಲೀಸು. ಅದೇ ಗೂಡಿನ ಪಕ್ಕದಲ್ಲಿ ಮಾರ್ತಾ ದಿನಕ್ಕೆ ನಾಲ್ಕು ಸಲ ಓಡಾಡುತ್ತಿದ್ದಳು. ಅವಳು ಯಾವ ಧರ್ಮದವಳು ಎಂದು ನಾನು ಕೇಳಿರಲೂ ಇಲ್ಲ.

ಇಂಟರ್‌ನೆಟ್ಟು ಮೊದಲ ಸಲ ನಿಂತ ದಿನ ಸರಿಯಾಗಿ ಎರಡು ಗಂಟೆ. ಮಾರ್ತಾ ಮೆಟ್ಟಿಲಿಳಿದು ಬಂದು ಕೈ ಅಲ್ಲಾಡಿಸಿದಳು. ನಾನು ನೋಡಿದೆ. ಎರಡನೆಯ ದೀಪ ಇರಲಿಲ್ಲ. ಇನ್ನಾಸಪ್ಪನವರಿಗೆ ಫೋನು ಮಾಡಿದೆ.

“ಏನಯ್ಯ, ಎರಡನೇದು ದೊಡ್ಡದಾಗಿದೆ.”

“ದೊಡ್ಡದಾ ಸಾರ್?” ಅವರ ದನಿಯಲ್ಲಿ ಆಶ್ಚರ್ಯ. “ಸ್ವಲ್ಪಾನಾ, ತುಂಬಾನಾ?”

“ಸ್ವಲ್ಪ ಅಂದ್ರೇನಯ್ಯ? ಪೂರ್ತಿ ದೊಡ್ಡದಾಗಿದೆ.”

“ಆಯ್ತು ಸಾರ್, ನೋಡ್ತೀನಿ.”

ಅವರು ಹೇಳಿದ್ದು ಕೇಳಿ ಸಮಾಧಾನವಾಗಿ ಮಲಗಿದೆ. ಅವರು ಮೂಲೆ ಮನೆಯ ಟ್ಯಾಂಕು ಹತ್ತಿದರು. ಸಿಗ್ನಲ್ಲು ಜಾಸ್ತಿಯಾದರೂ ಮೋಡೆಮ್ ಕೆಲಸ ಮಾಡುವುದಿಲ್ಲವಂತೆ. ದೀಪ ಅಷ್ಟು ದೊಡ್ಡದಾಗಿ ಉರಿಯುತ್ತಿದೆ ಎಂದರೆ ಸಿಗ್ನಲ್ಲು ಜಾಸ್ತಿ ಬರುತ್ತಿದೆ ಎಂದು ಅವರು ತಿಳಿದರು. ಮಡಕೆ ಎತ್ತಿ, ಪೆಟ್ಟಿಗೆ ಬಿಚ್ಚಿ, ಸ್ವಲ್ಪ ತಗ್ಗಿಸಿದರು. ನಾಲ್ಕು ಗಂಟೆಗೆ ಬಿಸಿಲು ಹಲಗೆಯಿಂದ ಸರಿಯಿತು, ಮೋಡೆಮ್ ತಣ್ಣಗಾಯಿತು, ದೀಪ ಬಂತು. ನಾನು ಫೋನು ಮಾಡಿ, “ಭೇಷ್ ಕಣಯ್ಯ” ಎಂದೆ. ತಗ್ಗಿಸಿದ್ದರಿಂದಲೇ ಸರಿಹೋಯಿತು ಎಂದು ಅವರೂ ತಿಳಿದರು. ಕಾಯಿಲೆ ತಾನಾಗಿ ವಾಸಿಯಾದಾಗ ಔಷಧಿಗೆ ಬರುವ ಹೆಸರು ಇದು.

ಮಾರನೆಯ ದಿನ ಎರಡು ಗಂಟೆಗೆ ಮತ್ತೆ ದೊಡ್ಡದಾಯಿತು. ಮತ್ತೆ ಹತ್ತಿದರು, ಮತ್ತೆ ತಗ್ಗಿಸಿದರು, ನಾಲ್ಕು ಗಂಟೆಗೆ ಮತ್ತೆ ಬಂತು. ಕಬ್ಬಿಣದ ಏಣಿ ಆ ಹೊತ್ತಿಗೆ ಹಿಡಿಯಲಾಗದಷ್ಟು ಕಾದಿರುತ್ತದೆ. ಅವರು ಟವೆಲ್ಲು ನೆನೆಸಿ ಕೈಗೆ ಸುತ್ತಿಕೊಂಡು ಹತ್ತುತ್ತಿದ್ದರು ಎಂದು ಮೂಲೆ ಮನೆಯವರು ಆಮೇಲೆ ಹೇಳಿದರು. ಮೂರನೆಯ ದಿನ ನಮ್ಮ ಗೇಟಿಗೇ ಬಂದರು. ಮುಖವೆಲ್ಲ ಕೆಂಪಾಗಿತ್ತು.

“ಸಾರ್, ಒಂದ್ ಸಲ ಒಳಗೆ ಬಂದು ನೋಡ್ಬುಡ್ಲಾ?”

“ಊಟ ಮಾಡಿ ಮಲಗೋ ಹೊತ್ತು. ಲೈನಿನಲ್ಲೇ ನೋಡಯ್ಯ.”

ಅವರು ಸರಿ ಎಂದರು. ಗೌರಮ್ಮ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. ಗೇಟಿನಾಚೆ ನಿಂತೇ ಕುಡಿದು ಹೋದರು.

ನಾಲ್ಕನೆಯ ದಿನದ್ದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಫೋನಿನಲ್ಲಿ ಅವರು, “ಸಾರ್, ಬೇಜಾರ್ ಮಾಡ್ಕೋಬ್ಯಾಡಿ. ಎರಡನೇ ದೀಪ ಉರೀತಾ ಅದಾ, ಇಲ್ಲ ಆರೋಗಿದ್ಯಾ?” ಎಂದರು.

ಸರಿಯಾದ ಪ್ರಶ್ನೆ. ನಾಲ್ಕು ದಿನದಲ್ಲಿ ನಮ್ಮಿಬ್ಬರ ನಡುವೆ ಹುಟ್ಟಿದ ಒಂದೇ ಒಂದು ಸರಿಯಾದ ಮಾತು. ನಾನು ಉರಿದುಬಿದ್ದೆ. ಅದು ಶುಕ್ರವಾರ ಬೇರೆ. “ಏನಯ್ಯ ಮಾತಾಡ್ತೀಯ? ದೀಪದ ವಿಷಯದಲ್ಲಿ ಅಂಥ ಮಾತಾಡ್ತಾರಾ? ಬಿಡ್ತು ಅನ್ನು!”

“ಬಿಡ್ತು ಸಾರ್” ಎಂದರು ಇನ್ನಾಸಪ್ಪ.

“ದೊಡ್ಡದಾಗಿದೆ ಅಂತ ನಾಲ್ಕು ದಿನದಿಂದ ಬಡ್ಕೋತಿದ್ದೀನಿ.”

“ಆಯ್ತು ಸಾರ್. ಇನ್ನೂ ಇಳಿಸ್ತೀನಿ.”

ಏನನ್ನು ಇಳಿಸುತ್ತಾರೆ ಎಂದು ನಾನು ಕೇಳಲಿಲ್ಲ. ‘ಆರು’ ಎಂಬ ಮಾತನ್ನು ನಾನು ಆಮೇಲೆ ಬಹಳ ಸಲ ಬಾಯಲ್ಲಿ ಹೊರಳಿಸಿ ನೋಡಿದ್ದೇನೆ. ಹಾಲು ಆರಬಹುದು, ಬಟ್ಟೆ ಆರಬಹುದು, ಗಾಯ ಆರಿದರೆ ಹರಕೆ ತೀರಿಸುತ್ತೇವೆ. ಒಳ್ಳೆಯ ಮಾತು. ಒಂದು ಅಂಗಿ ಬಿಚ್ಚಿ ಮೋಡೆಮ್ಮನ್ನು ಆರಲು ಬಿಟ್ಟಿದ್ದರೆ ದೀಪ ಆರುತ್ತಿರಲಿಲ್ಲ. ಇಷ್ಟು ಸಣ್ಣ ಪದಕ್ಕೆ ಹೆದರಿ ನಾನು ಒಬ್ಬರ ಬಾಯಿ ಮುಚ್ಚಿಸಿದೆ.

ಐದನೆಯ ದಿನ ಸಂಜೆ ಇಡೀ ಬೀದಿಯ ಟೀವಿಗಳ ಮೇಲೆ ಅಕ್ಕಿನುಚ್ಚು ಸುರಿದ ಹಾಗೆ ಆಯಿತು. ಸಿಗ್ನಲ್ಲು ಅಷ್ಟು ತಗ್ಗಿತ್ತು. ಅಂದು ಕ್ರಿಕೆಟ್ಟಿತ್ತು. ಎದುರು ಮನೆಯ ಪುಟ್ಟಬಸಪ್ಪ ಪಂಚೆ ಮೇಲೆತ್ತಿ ಕಟ್ಟಿಕೊಂಡೇ ಬಂದ. “ಮಾದೇವಯ್ಯನೋರೇ, ಚೆಂಡೂ ಕಾಣಲ್ಲ, ಬ್ಯಾಟೂ ಕಾಣಲ್ಲ, ಬರೀ ಚಪ್ಪಾಳೆ ಕೇಳುಸ್ತದೆ! ನೀವು ಬರೀರಿ. ನಾವು ಸಹಿ ಹಾಕ್ತೀವಿ.”

ಬರೆದೆ. ಕೇಬಲ್ ಆಫೀಸಿನ ಯಜಮಾನರ ಅವಗಾಹನೆಗೆ ತಂದೆ. ‘ಸದರಿ ನೌಕರನಿಗೆ ಈ ಕೆಲಸ ಬಾರದೆಂಬುದು ಐದು ದಿನಗಳ ಅನುಭವದಿಂದ ದೃಢಪಟ್ಟಿರುತ್ತದೆ’ ಎಂಬ ಒಂದು ವಾಕ್ಯ ಕೂಡಿಸಿದೆ. ಬರೆದ ಮೇಲೆ ಎರಡು ಸಲ ಓದಿಕೊಂಡೆ, ಅಷ್ಟು ಚೆನ್ನಾಗಿ ಬಂದಿತ್ತು. ಬೀದಿಯವರೆಲ್ಲ ಸಹಿ ಮಾಡಿದರು. ಗೌರಮ್ಮ, “ನಂದು ಬೇಡ” ಎಂದು ಒಳಗೆ ಹೋದಳು.

ವಾರದೊಳಗೆ ಇನ್ನಾಸಪ್ಪನವರನ್ನು ತೆಗೆದು ಅವರ ಜಾಗಕ್ಕೆ ಹೊಸಬರು ಬಂದರು, ದಪ್ಪನೆಯ ಆಸಾಮಿ. ಮೊದಲು ಟ್ಯಾಂಕು ಹತ್ತಿ ಬೀದಿಯ ಟೀವಿ ಸರಿಮಾಡಿದರು. ಎಲ್ಲರೂ ನನ್ನ ಅರ್ಜಿಯನ್ನು ಹೊಗಳಿದರು. ಎರಡು ಗಂಟೆಗೆ ನಮ್ಮ ದೀಪ ಎಂದಿನಂತೆ ದೊಡ್ಡದಾಯಿತು, ನಾನು ಎಂದಿನಂತೆ ಫೋನು ಮಾಡಿದೆ. ಈ ಮನುಷ್ಯ ಕೇಳುವುದು ಹೇಳುವುದು ಏನೂ ಇಲ್ಲದೆ, ತೆರೆದಿದ್ದ ಬಾಗಿಲಿನಿಂದ ಚಪ್ಪಲಿಯ ಸಮೇತ ನಡುಮನೆಗೆ ನುಗ್ಗಿದರು.

“ಯಾರ್ರೀ ದೊಡ್ಡದಾಗಿದೆ ಅಂದಿದ್ದು? ಇದು ಸತ್ತೇ ಓಗಿದ್ಯಲ್ರೀ!”

ಗೌರಮ್ಮ ಕಿವಿ ಮುಚ್ಚಿಕೊಂಡಳು. ಅವರು ಅಂಗಿ ಎತ್ತಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ತಟ್ಟನೆ ತೆಗೆದರು. “ಅಮ್ಮಾ, ಇದ್ರ ಮೇಲೆ ದೋಸೆ ಉಯ್ಬೋದು. ಇದಕ್ಯಾಕೆ ಸ್ವೆಟರು? ಇದೇನು ಬೆಟ್ಟ ಅತ್ತುತ್ತಾ?” ಎಂದು ಅದನ್ನು ಬಿಸಿಲಿನಿಂದ ಈಚೆಗೆ, ಬರಿಮೈಯಲ್ಲಿ ಇಟ್ಟರು. ಹತ್ತು ನಿಮಿಷಕ್ಕೆ ಎರಡನೆಯ ದೀಪ ಮಿನುಗಿ ನಿಂತಿತು. ಹೋಗುವಾಗ ಅವರು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ನಾನೊಬ್ಬನೇ ಕೇಳಿಸಿಕೊಂಡೆ: “ಅಲ್ಲಾ, ಹಳಬ ಕೆಲಸ ಗೊತ್ತಿರೋನೇ. ಜಾಯಿಂಟೆಲ್ಲ ಚಿನ್ನದಂಗವೆ. ಮಡಕೆ ಬೇರೆ ಮುಚ್ಚವ್ನೆ. ಆದ್ರೂ ಸಿಗ್ನಲ್ ಯಾಕೆ ಅಷ್ಟು ಇಳಿಸ್ಬುಟ್ಟ ಅಂತ ಗೊತ್ತಾಗ್ಲಿಲ್ಲ.”

ನನಗೆ ಗೊತ್ತಾಯಿತು. ಆ ಗಳಿಗೆಯಲ್ಲೇ ಪೂರ್ತಿಯಾಗಿ ಗೊತ್ತಾಯಿತು.

ಅಂದೇ ಹೋಗಿ ಹೇಳಿದ್ದರೆ ಇದು ನಗೆಯ ಕತೆಯಾಗಿ ಮುಗಿಯುತ್ತಿತ್ತು. ನಾನು ಹೋಗಲಿಲ್ಲ. ಇವತ್ತು ಬಿಸಿಲು, ನಾಳೆ ಅಮಾವಾಸ್ಯೆ, ನಾಡಿದ್ದು ಮಂಡಿನೋವು. ಬೀದಿಯವರ ಮುಂದೆ ನನ್ನ ಅರ್ಜಿಯನ್ನು ನಾನೇ ಹಿಂದಕ್ಕೆ ಪಡೆಯುವುದು ಹೇಗೆ ಎಂಬುದು ನಿಜವಾದ ಕಾರಣ. ನಾಲ್ಕು ವರ್ಷ ಹಾಗೇ ಕಳೆಯಿತು. ಮಾರ್ತಾ ಊರಿಗೆ ಹೋದಳು, ಬೇರೆಯವರು ಬಂದರು. ಪ್ರತಿ ಬೇಸಿಗೆ ಮೊದಲ ಸೆಕೆ ಹತ್ತಿದ ದಿನ ಗೌರಮ್ಮ, “ಇನ್ನಾಸಪ್ಪನ್ನ ನೋಡಿದ್ರಾ?” ಎಂದು ಕೇಳುವಳು. ನಾನು ಪೇಪರು ಬಿಡಿಸಿಕೊಳ್ಳುವೆ.

ಆಮೇಲೆ ಒಂದು ದಿನ ಪುಟ್ಟಬಸಪ್ಪ ಮತ್ತೆ ಬಂದ. ಕೊಳಾಯಿಗೆ ನೀರು ಬಿಡುವವನ ಮೇಲೆ ದೂರು. “ಆ ಕೇಬಲ್ಲಿನೋನ ಮೇಲೆ ಬರ್ದಿದ್ರಲ್ಲ, ಅಂಗೇ ಬರೀರಿ. ಅದು ಮಾತು ಅಂದ್ರೆ! ಒಂದೇ ಏಟಿಗೆ ಒಂಟೋದ.” ಕಾಗದ ಹಾಸಿದೆ. ‘ಸದರಿ ನೌಕರನಿಗೆ’ ಎಂಬಲ್ಲಿಗೆ ಬಂದು ಕೈ ನಿಂತಿತು. ಮುಂದಿನ ಪದ ನನಗೆ ಬಾಯಿಪಾಠ ಇತ್ತು, ಅದೇ ತೊಂದರೆ. ಕಣ್ಣು ಮಂಜು ಎಂದು ಹೇಳಿ ಅವನನ್ನು ಕಳಿಸಿದೆ. ಮೂಲೆ ಮನೆಯವರನ್ನು ಕೇಳಿದಾಗ ಇನ್ನಾಸಪ್ಪ ಇಲವಾಲದಲ್ಲಿದ್ದಾರೆ, ಕೆಟ್ಟ ಫ್ಯಾನಿನ ಮೋಟರಿಗೆ ತಂತಿ ಸುತ್ತುತ್ತಾರೆ ಎಂದರು.

ಒಂದು ಕ್ಷಮಾಪಣೆಯ ಕಾಗದ ಬರೆದೆ. ಚಟ ಎಲ್ಲಿ ಹೋಗುತ್ತದೆ? ಅದನ್ನು ಜೇಬಿನಲ್ಲಿಟ್ಟುಕೊಂಡು ಹುಣಸೂರು ರಸ್ತೆಯ ಬಸ್ಸು ಹತ್ತಿದೆ. ಬೆಳಗ್ಗೆ ಹೊರಟವನು ಇಲವಾಲದಲ್ಲಿಳಿದು ಎಳನೀರು ಕುಡಿದೆ, ಕಟ್ಟೆಯ ಮೇಲೆ ಕೂತೆ, ಗೊತ್ತಿದ್ದ ದಾರಿಯನ್ನೇ ಇಬ್ಬರನ್ನು ಕೇಳಿದೆ. ಅಂತೂ ಅವರ ಬಾಗಿಲಿಗೆ ಬಂದಾಗ ನಡುಮಧ್ಯಾಹ್ನ.

ಶೀಟಿನ ಚಪ್ಪರದ ಕೆಳಗೆ ಇನ್ನಾಸಪ್ಪ ಕೂತು ತಾಮ್ರದ ತಂತಿ ಸುತ್ತುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದರು, ಗುರುತು ಹಿಡಿದರು. ನಾನು ಬಾಯಿ ತೆರೆದೆ. ಅವರು ತಲೆ ಅಲ್ಲಾಡಿಸಿದರು.

“ಇನ್ನೂರ ನಲವತ್ತಾರು, ಇನ್ನೂರ ನಲವತ್ತೇಳು... ಒಸಿ ಇರಿ ಸಾರ್, ಸುತ್ತಿನ ಎಣಿಕೆ ತಪ್ಪುತ್ತೆ... ನಲವತ್ತೆಂಟು...”

ಅದು ಮುನ್ನೂರ ಇಪ್ಪತ್ತಕ್ಕೆ ಮುಗಿಯಿತು. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ನಾಲ್ಕು ವರ್ಷ ಸಲೀಸಾಗಿ ಕಾದವನಿಗೆ ಆ ನಾಲ್ಕು ನಿಮಿಷ ಕಾಯುವುದು ಕಷ್ಟವಾಯಿತು. ತಂತಿಯ ತುದಿ ಕತ್ತರಿಸಿ, “ಈಗ ಹೇಳಿ” ಎಂದರು. ನಾನು ಜೇಬಿನಿಂದ ಕಾಗದ ತೆಗೆದೆ.

“ಕಾಗದ ಬ್ಯಾಡ ಸಾರ್” ಎಂದರು. ದನಿ ಏರಲಿಲ್ಲ. “ನಿಮ್ಮ ಕಾಗದ ಒಂದು ಓದಿದ್ದೀನಿ. ಬಾಯಲ್ಲಿ ಹೇಳಿ.”

ಹೇಳಿದೆ. ಉಲ್ಲನ್ ಅಂಗಿ, ಬಿಸಿಲು, ನಮ್ಮ ತಾಯಿ ಕಲಿಸಿದ ಮಾತು. “ಎರಡನೇ ದೀಪ ಆರಿತ್ತು ಇನ್ನಾಸಪ್ಪನೋರೇ. ನೀವು ಕೇಳಿದಿರಿ, ನಾನು ಬೈದೆ. ಆರಿತ್ತು” ಎಂದೆ. ಹುಟ್ಟಿದಾರಭ್ಯ ಆಡದಿದ್ದ ಪದ. ಆಕಾಶ ಕಳಚಿ ಬೀಳಲಿಲ್ಲ. ಚಪ್ಪರದ ಮೇಲೆ ಒಂದು ಕಾಗೆ ಕೂತಿತ್ತು, ಅದೂ ಹಾರಲಿಲ್ಲ.

ಅವರು ಕೈಯಲ್ಲಿದ್ದ ಸುರುಳಿಯನ್ನು ಕೆಳಗಿಟ್ಟರು. “ನಂಗ್ಯಾಕೆ ಹೇಳ್ತೀರಿ ಸಾರ್? ನಂಗೆ ಕೆಲಸ ಬರುತ್ತೆ ಅಂತ ನಂಗೆ ಗೊತ್ತಿಲ್ವಾ? ಅವಳಿಗೆ ಹೇಳಿ” ಎಂದು ಒಳಗೆ ತಿರುಗಿ, “ಫಿಲೋಮಿನಾ, ಬಾ ಇಲ್ಲಿ” ಎಂದು ಕರೆದರು.

ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದರು. ನಾನು ಎದ್ದು ನಿಂತು ಎಲ್ಲವನ್ನೂ ಎರಡನೆಯ ಸಲ ಹೇಳಿದೆ. ಎರಡನೆಯ ಸಲ ಹೇಳುವಾಗ ಕತೆ ಚಿಕ್ಕದಾಗಿತ್ತು. ನನ್ನ ತಾಯಿ, ನಮ್ಮ ಸಂಪ್ರದಾಯ ಅವೆಲ್ಲ ಬಿಟ್ಟುಹೋಗಿ, ತಪ್ಪು ನನ್ನದು, ಇವರದಲ್ಲ ಎಂಬುದಷ್ಟೇ ಉಳಿದಿತ್ತು. ಆಕೆ ಗಂಡನ ಮುಖ ನೋಡಿದರು.

“ಅಯ್ಯೋ ದೇವ್ರೇ! ನಾಲ್ಕು ವರ್ಷದಿಂದ ಇವ್ರಿಗೆ ಬೈತಾ ಇದ್ದೀನಲ್ಲ! ಕೆಲಸ ಕಲಿಯದೇ ಕಳ್ಕೊಂಡ್ರಿ, ಏಣಿ ಅತ್ತಿದ್ರೆ ಸಾಕಾ, ತಲೆ ಬ್ಯಾಡ್ವಾ ಅಂತ ಕೂತ್ರೂ ಬೈದೆ, ನಿಂತ್ರೂ ಬೈದೆ. ಈ ಮನುಷ್ಯ ಒಂದ್ ದಿನ ಬಾಯಿ ಬಿಡ್ಲಿಲ್ಲ. ಈಗ ಅಷ್ಟೂ ಬೈಗುಳಾನ ನಾನು ಎಲ್ಲಿಗೆ ಆಕ್ಲಿ?”

“ನನಗೆ ಹಾಕಿ ತಾಯಿ” ಎಂದೆ.

ಮರ್ಯಾದೆಗೆ ಬೇಡ ಎನ್ನುತ್ತಾರೆ ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಇತ್ತೆಂದು ಕಾಣುತ್ತದೆ. ಆಕೆ ಎದುರಿಗೆ ಮಣೆ ಎಳೆದುಕೊಂಡು ಕೂತರು. “ಕೂತ್ಕೊಳಿ. ನೀವೂ ಕೂತ್ಕೊಳಿ” ಎಂದು ಶುರು ಮಾಡಿದರು. ಮೈಸೂರಿನಲ್ಲಿ ಚರ್ಚಿನ ಹಿಂದಿನ ಬೀದಿಯಲ್ಲಿದ್ದ ಮನೆ ಬಿಡಬೇಕಾಯಿತು. ಇಪ್ಪತ್ತು ವರ್ಷ ಆಕೆ ಚರ್ಚಿನ ಗಾನವೃಂದದಲ್ಲಿ ಹಾಡುತ್ತಿದ್ದರು. ಇಲವಾಲದಿಂದ ವಾರಕ್ಕೆ ಮೂರು ಸಂಜೆ ಅಭ್ಯಾಸಕ್ಕೆ ಹೋಗಿ ಬರಲಾಗದೆ ಅದೂ ತಪ್ಪಿತು. “ಈಸ್ಟರಿನ ದಿನ ಓಗಿದ್ದೆ ಸಾರ್. ನನ್ನ ಜಾಗದಲ್ಲಿ ಬೇರೆ ಯಾರೋ ನಿಂತವ್ರೆ. ನಾನು ಕೊನೇ ಬೆಂಚಲ್ಲಿ ಕೂತು, ಬಾಯೊಳಗೇ ಆಡ್ಕೊಂಡೆ. ಯಾರಿಗೂ ಕೇಳಿಸ್ದಂಗೆ. ನಂಗಿಂತ ಒಂದ್ ಶ್ರುತಿ ಕೆಳಗೆ ಆಡ್ತಿದ್ಲು ಅವಳು, ಗೊತ್ತಾ?”

“ಸಾಕು ಬುಡು, ವಯಸ್ಸಾದೋರು” ಎಂದರು ಇನ್ನಾಸಪ್ಪ.

“ನೀವು ಸುಮ್ಕಿರಿ. ಇವರು ಬಂದಿರೋದು ನನ್ನ ಅತ್ರ.”

ನಾನು ಸಿಟ್ಟಿಗೆ ಸಿದ್ಧನಾಗಿ ಹೋಗಿದ್ದೆ, ಕ್ಷಮೆಗೂ ಸಿದ್ಧನಾಗಿದ್ದೆ. ಇಷ್ಟು ವಿವರಕ್ಕೆ ಸಿದ್ಧನಾಗಿರಲಿಲ್ಲ. ನನ್ನ ಒಂದು ವಾಕ್ಯ ನಾನು ನೋಡದ ಯಾವ ಯಾವ ಕೋಣೆಗಳಿಗೆ ಹೋಗಿ ಕೂತಿತ್ತು ಎಂದು ಆಕೆ ಒಂದೊಂದಾಗಿ ಹೇಳುತ್ತಿದ್ದರು. ಕೆಲಸವನ್ನು ನಾನು ವಾಪಸು ಕೊಡಿಸಲಾರೆ. ಆ ಆಫೀಸು ಮುಚ್ಚಿ ಎರಡು ವರ್ಷವಾಗಿತ್ತು. ಹಾಡನ್ನೂ ಕೊಡಿಸಲಾರೆ. ಕಿವಿಗಳಿದ್ದವು, ಅವನ್ನು ಕೊಟ್ಟು ಕೂತೆ.

ಅಷ್ಟರಲ್ಲಿ ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಆಕೆ “ಅಯ್ಯೋ” ಎಂದು ಎದ್ದು ಓಡಿದರು. ನಾನೂ ಇನ್ನಾಸಪ್ಪನವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ಈಗ ಎದ್ರೆ ಒಂದೂವರೆ ಬಸ್ ಸಿಗುತ್ತೆ ಸಾರ್” ಎಂದು ಅವರು ಮೆಲ್ಲಗೆ ಹೇಳಿದರು. ಅವರ ಕಣ್ಣಿನಲ್ಲಿ ಸ್ವಲ್ಪ ನಗು ಇತ್ತು, ಅನುಭವಸ್ಥರು. ನಾನು ಏಳಲಿಲ್ಲ.

ಆಕೆ ಎರಡು ಲೋಟ ಕಾಫಿ ಹಿಡಿದು ಬಂದರು. ಒಂದನ್ನು ಗಂಡನಿಗೆ, ಒಂದ‍ನ್ನು ನನಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಮಣೆಯ ಮೇಲೆ ಮತ್ತೆ ಕೂತರು.

“ಎಲ್ಲಿಗೆ ನಿಲ್ಲಿಸಿದ್ದೆ?”

“ಒಂದು ಶ್ರುತಿ ಕೆಳಗೆ ಹಾಡ್ತಿದ್ರು, ಅಲ್ಲಿಗೆ” ಎಂದು ನಾನೇ ನೆನಪು ಮಾಡಿಕೊಟ್ಟೆ.